ಭೂಕಂಪದ ಸೀಳನ್ನು ಓದುವ ಬಗೆ: ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯವರಿಗೊಂದು ಮಾರ್ಗದರ್ಶಿ

ಎಲ್ಲಾದರೂ ಭೂಮಿ ನಡುಗಿತೆಂದರೆ ಟಿವಿಯಲ್ಲಿ ಮೊದಲು ಬರುವುದು ಎರಡೇ ಸಂಗತಿ: ತೀವ್ರತೆ ಎಷ್ಟು, ಕೇಂದ್ರ ಎಲ್ಲಿ. ಭೂವಿಜ್ಞಾನಿಗೆ ಇಷ್ಟು ಸಾಲದು. ನೆಲದಡಿ ಯಾವ ಬಂಡೆ ಯಾವುದರ ಮೇಲೆ ಜಾರಿತು, ಜಾರಿದ ತಳ ಯಾವ ದಿಕ್ಕಿಗೆ ವಾಲಿದೆ, ಸೀಳು ಎಷ್ಟು ದೂರ ಓಡಿತು, ಎರಡು ಬದಿಗಳ ನಡುವೆ ಎಷ್ಟು ಅಂತರ ಬಿತ್ತು, ಇದೇ ಜಾಗ ಹಿಂದೆಯೂ ಹೀಗೆ ಜಾರಿತ್ತೇ? ಇವಕ್ಕೆಲ್ಲ ಉತ್ತರ ಸಿಗುವವರೆಗೆ ಅವರ ಕೆಲಸ ಮುಗಿಯುವುದಿಲ್ಲ. ಬಂಡೆಗಳು ಹೀಗೆ ಮುರಿದು ಒಂದರ ಪಕ್ಕ ಒಂದು ಸರಿದ ತಳವನ್ನೇ ನಾವು ಸ್ತರಭಂಗ ಎನ್ನುತ್ತೇವೆ. ಭೂಕಂಪದ ಹೊತ್ತಿನಲ್ಲಿ ಅದರ ಒಂದು ಭಾಗ ಕೆಲವೇ ಸೆಕೆಂಡುಗಳಲ್ಲಿ ಜಾರಿಬಿಡುತ್ತದೆ.

ಈ ಬರಹ ನಮ್ಮ ಮೂರು ಜಿಲ್ಲೆಗಳ ಭೂವಿಜ್ಞಾನ, ಭೂಗೋಳ ವಿದ್ಯಾರ್ಥಿಗಳಿಗೆ, ಅವರಿಗೆ ಕಲಿಸುವವರಿಗೆ, ಹೊಲದಲ್ಲಿ ಉದ್ದನೆಯ ಬಿರುಕು ಕಂಡಾಗ ಇದೇನು ಎಂದು ನಿಂತು ನೋಡುವ ಯಾರಿಗೇ ಆದರೂ. ಇಡೀ ವಿದ್ಯೆಯ ಬುಡದಲ್ಲಿರುವ ಉಪಾಯ ಒಂದೇ. ಮೊದಲು ಒಂದೇ ಗೆರೆಯಾಗಿದ್ದದ್ದು ಈಗ ಎರಡು ತುಂಡಾಗಿದ್ದರೆ, ಆ ಎರಡು ತುಂಡುಗಳನ್ನು ಸರಿಯಾಗಿ ಗುರುತಿಸಿ ನಡುವಿನ ಅಂತರ ಅಳೆಯಬೇಕು. ಆ ಗೆರೆ ಹೊಲದ ಬದುವಾಗಿರಬಹುದು, ಬಂಡೆಯೊಳಗಿನ ಬೆಣಚುಕಲ್ಲಿನ ಎಳೆಯಾಗಿರಬಹುದು, ಉಪಗ್ರಹ ಕಂಡ ನೆಲದ ಮಟ್ಟವಾಗಿರಬಹುದು. ಉಪಕರಣ ಬದಲಾದೀತು, ಕೆಲಸ ಅದೇ.

ನಮ್ಮ ಸೀಮೆಗೆ ಇದರ ಗೊಡವೆ ಏಕೆ

2002ರ ಭಾರತೀಯ ಮಾನಕದ ಭೂಕಂಪ ನಕ್ಷೆಯಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಎರಡನೇ ವಲಯದಲ್ಲಿದ್ದವು. ಆ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯವೆಂದರೆ ಅದೇ. ಹಾಗೆಂದು ನೆಲ ಪೂರ್ತಿ ಸುಮ್ಮನಿದೆ ಎಂದಲ್ಲ. 1843ರಲ್ಲಿ ಬಳ್ಳಾರಿ ಸುತ್ತ ನೆಲ ನಡುಗಿದ್ದು ಹಳೆಯ ಭೂಕಂಪ ಪಟ್ಟಿಗಳಲ್ಲಿ ದಾಖಲಾಗಿದೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರ ಸುತ್ತ ಮತ್ತೆ ಮತ್ತೆ ಕಂಪನವಾಗಿ ಜನ ಮನೆಯ ಹೊರಗೆ ಮಲಗಿದರು.

ಎಲ್ಲಕ್ಕಿಂತ ದೊಡ್ಡ ಪಾಠ ಕಿಲ್ಲಾರಿಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಆ ಊರು 6.2 ತೀವ್ರತೆಯ ಭೂಕಂಪಕ್ಕೆ ಕುಸಿದುಬಿತ್ತು. ಸುತ್ತಮುತ್ತಲ ಹಳ್ಳಿಗಳು ಸೇರಿ ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ. ಅಂದಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಮೊದಲನೇ ವಲಯದಲ್ಲಿ, ಎಂದರೆ ಯಾರಿಗೂ ಭಯವಿಲ್ಲದ ಕಡೆ. ಅಲ್ಲಿಯೂ ಎರೆ ಹೊಲಗಳ ನಡುವೆ ನೆಲ ತುಂಡು ತುಂಡಾಗಿ ಎದ್ದು ನಿಂತಿತ್ತು. ಸೀಳಿನ ಒಂದು ಬದಿ ಇನ್ನೊಂದರ ಮೇಲೆ ಏರಿದ ಆ ಗುರುತು ಮೀಟರಿನ ಒಳಗಿನ ಎತ್ತರದ್ದು. ಭೂವಿಜ್ಞಾನಿಗಳು ಅದನ್ನು ಅಡ್ಡಲಾಗಿ ಅಗೆದು, ಕೊಳವೆ ಕೊರೆದು ನೋಡಿದಾಗ 338 ಮೀಟರ್ ದಪ್ಪದ ಕಪ್ಪು ಬಸಾಲ್ಟ್ ಶಿಲೆಯ ಅಡಿಯಲ್ಲಿ ನಮ್ಮಲ್ಲಿರುವಂಥದೇ ಪುರಾತನ ಕಣಶಿಲೆ (ಗ್ರಾನೈಟ್) ಸಿಕ್ಕಿತು.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಹೋಲಿಕೆ ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿದೆ. ಅಲ್ಲಿಯದೂ 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಮತ್ತು ಹಸಿರುಶಿಲೆಯ ನೆಲ. 1968ರ ಅಕ್ಟೋಬರ್ 14ರಂದು ಮೆಕರಿಂಗ್ ಎಂಬ ಸಣ್ಣ ಊರಿನ ಬಳಿ 6.5 ತೀವ್ರತೆಯ ಭೂಕಂಪವಾಗಿ ಸುಮಾರು 37 ಕಿ.ಮೀ. ಉದ್ದ ನೆಲ ಸೀಳಿತು, ರೈಲು ಹಳಿಗಳು ಹಾವಿನಂತೆ ಬಾಗಿದವು. ಹಳೆಯ, ಗಟ್ಟಿ ನೆಲದಲ್ಲಿ ದೊಡ್ಡ ಭೂಕಂಪ ಅಪರೂಪ. ಆದರೆ ಆದಾಗ ಅದು ಹೆಚ್ಚಾಗಿ ಆಳವಿಲ್ಲದ ಕಡೆಯೇ ಆಗುತ್ತದೆ, ಹಾಗಾಗಿ ಸೀಳು ಮೇಲಿನವರೆಗೂ ಬಂದುಬಿಡುವ ಸಾಧ್ಯತೆ ಇರುತ್ತದೆ. ಉಳುವ ಹೊಲದಲ್ಲಿ ಸಣ್ಣ ಸೀಳು ಉಳಿಯುವುದು ಕೆಲವೇ ದಿನ. ಒಂದು ಮಳೆ, ಒಂದು ಕುಂಟೆ, ಒಂದು ಟ್ರ್ಯಾಕ್ಟರ್ ಸಾಲು ಬಿದ್ದರೆ ಅಳಿಸಿಹೋಗುತ್ತದೆ. ಹೊರಗಿನ ತಂಡ ಬರುವಷ್ಟರಲ್ಲಿ ಅಳೆದಿಟ್ಟುಕೊಳ್ಳಬಲ್ಲವರು ಊರಿನಲ್ಲೇ ಇದ್ದರೆ ವಿಜ್ಞಾನಕ್ಕೆ ಆಗುವ ಲಾಭ ದೊಡ್ಡದು. ನಾನು ಇದನ್ನು ಬರೆಯುತ್ತಿರುವುದೇ ಅದಕ್ಕಾಗಿ.

ಮೊದಲ ಹೆಜ್ಜೆ: ಹಳೆಯ ಬಂಡೆಯಲ್ಲಿ ಕಣ್ಣು ಪಳಗಿಸಿ

ಕಲಿಯಲು ಭೂಕಂಪಕ್ಕಾಗಿ ಕಾಯಬೇಕಿಲ್ಲ. ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆಯ ಯಾವುದೇ ಬೋಳು ಗ್ರಾನೈಟ್ ಬಂಡೆಯ ಮೇಲೆ ಬೆಳಗಿನ ಓರೆ ಬಿಸಿಲಿನಲ್ಲಿ ನಡೆಯಿರಿ. ಬೂದು ಇಲ್ಲವೇ ಗುಲಾಬಿ ಬಂಡೆಯೊಳಗೆ ಬಿಳಿಯ ಬೆಣಚುಕಲ್ಲಿನ ಸಣ್ಣ ಎಳೆಗಳು ಓಡುತ್ತಿರುತ್ತವೆ. ಅವುಗಳಲ್ಲಿ ಒಂದನ್ನು ಹಿಡಿದು ಹಿಂಬಾಲಿಸಿ. ಎಲ್ಲೋ ಒಂದು ಕಡೆ ಎಳೆ ಥಟ್ಟನೆ ನಿಲ್ಲುತ್ತದೆ, ನಾಲ್ಕು ಬೆರಳು ಪಕ್ಕದಲ್ಲಿ ಮತ್ತೆ ಶುರುವಾಗುತ್ತದೆ. ನಡುವೆ ಒಂದು ತೆಳ್ಳನೆಯ ಗೀಟು. ಆ ಗೀಟೇ ಸ್ತರಭಂಗ, ಆ ನಾಲ್ಕು ಬೆರಳೇ ಜಾರಿಕೆ.

ಈಗ ಗೀಟಿನ ಈಚೆ ಬದಿಯಲ್ಲಿ ನಿಂತು ಆಚೆಗೆ ನೋಡಿ. ಆಚೆಯ ತುಂಡು ನಿಮ್ಮ ಬಲಕ್ಕೆ ಹೋಗಿದ್ದರೆ ಅದು ಬಲಜಾರಿಕೆ, ಎಡಕ್ಕೆ ಹೋಗಿದ್ದರೆ ಎಡಜಾರಿಕೆ. ಗೀಟು ದಾಟಿ ಆಚೆಯಿಂದ ಈಚೆ ನೋಡಿದರೂ ಉತ್ತರ ಅದೇ ಬರುತ್ತದೆ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಬಂಡೆಯ ಮೇಲೆ ಎರಡೂ ಬದಿ ನಿಲ್ಲಿಸಿ ತೋರಿಸಿದರೆ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಒಂದೇ ಎಳೆಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಬಂಡೆ ಮೇಲೆ ಕೆಳಗೆ ಸರಿದಿದ್ದರೂ, ಓರೆಯಾಗಿ ವಾಲಿದ ಎಳೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಬೇರೆ ಬೇರೆ ಕಡೆ ವಾಲಿದ ಎರಡು ಮೂರು ಎಳೆಗಳು ಒಂದೇ ಉತ್ತರ ಕೊಟ್ಟರೆ ಮಾತ್ರ ನಂಬಿ. ಸ್ತರಭಂಗದ ತಳವೇ ತೆರೆದುಕೊಂಡ ಕಡೆ, ಉದಾಹರಣೆಗೆ ಹೊಸದಾಗಿ ಕೊರೆದ ಕಲ್ಲು ಕ್ವಾರಿಯ ಗೋಡೆಯಲ್ಲಿ, ನುಣುಪಾದ ಹೊಳಪಿನ ಮೇಲೆ ಒಂದೇ ದಿಕ್ಕಿನ ಗೀರುಗಳಿರುತ್ತವೆ. ಬಂಡೆ ಬಂಡೆಯ ಮೇಲೆ ಉಜ್ಜಿದ ಗುರುತು ಅದು. ಗೀರು ಅಡ್ಡವಾಗಿದ್ದರೆ ಪಕ್ಕಕ್ಕೆ ಜಾರಿಕೆ, ಇಳಿಜಾರಿನ ದಿಕ್ಕಿಗಿದ್ದರೆ ಮೇಲೆ ಕೆಳಗಿನ ಜಾರಿಕೆ. ಕೆಲವೆಡೆ ನಡುವೆ ಅರೆದ ಹಿಟ್ಟಿನಂಥ ಮಣ್ಣು ಸಿಗುತ್ತದೆ. ಕ್ವಾರಿಗೆ ಹೋಗುವಾಗ ಮಾಲೀಕರ ಅನುಮತಿ ಕೇಳಿ, ಸ್ಫೋಟದ ಸಮಯ ತಿಳಿದುಕೊಳ್ಳಿ, ಗೋಡೆಯ ಬುಡದಲ್ಲಿ ನಿಲ್ಲಬೇಡಿ.

ಬಳ್ಳಾರಿಯವರಿಗೆ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳೇ ಪಾಠಶಾಲೆ. ಬಿರುಕಿನೊಳಗೆ ಕರಗಿದ ಶಿಲೆ ನುಗ್ಗಿ ಹೆಪ್ಪುಗಟ್ಟಿದ ಕಪ್ಪು ಡಾಲರೈಟ್ ಡೈಕ್ ಅಲ್ಲಿ ಗ್ರಾನೈಟನ್ನು ಸೀಳಿಕೊಂಡು ಹೋಗಿದೆ. ನವಶಿಲಾಯುಗದ ಜನ ಕೊಡಲಿ ಮಾಡಿಕೊಂಡದ್ದು ಆ ಕಪ್ಪು ಕಲ್ಲಿನಿಂದಲೇ, ಕುಟ್ಟಿದರೆ ಗಂಟೆಯಂತೆ ದನಿಗೊಡುವ ಬಂಡೆಗಳೂ ಅಲ್ಲಿವೆ. 19ನೇ ಶತಮಾನದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ ದಾಖಲಿಸಿದರು. ಡೈಕ್ ಎಂದರೆ ಕಿಲೋಮೀಟರ್‌ಗಟ್ಟಲೆ ಉದ್ದದ ಸಿದ್ಧ ಗೆರೆ. ಅದರ ಅಂಚು ಹಿಡಿದು ನಡೆಯುತ್ತಾ ಎಲ್ಲಾದರೂ ತುಂಡಾಗಿ ಪಕ್ಕಕ್ಕೆ ಹೋಗಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಅಲ್ಲಿ ಸುತ್ತಿಗೆ ಮಾತ್ರ ಎತ್ತಬಾರದು. ಶಿಲಾಚಿತ್ರಗಳಿರುವ ಕಲ್ಲಿಗೆ ಒಂದು ಏಟು ಬಿದ್ದರೂ ಅದನ್ನು ಸರಿಮಾಡಲಾಗದು.

ರಾಯಚೂರಿನವರು ಹಟ್ಟಿಯನ್ನು ನೆನೆಯಬೇಕು. ಅಲ್ಲಿಯ ಚಿನ್ನ ಕೂತಿರುವುದೇ ಬಂಡೆ ಜಾರಿ ಅರೆದುಹೋದ ಪಟ್ಟಿಗಳ ಉದ್ದಕ್ಕೆ. ಹಿಂದೆ ಬಹು ಆಳದಲ್ಲಿ, ಬಿಸಿಯಲ್ಲಿ ಬಂಡೆ ಮುರಿಯದೆ ಹಿಟ್ಟಿನಂತೆ ಎಳೆದುಕೊಂಡ ಜಾಗ ಅದು. ಈ ಹಳೆಯ ಗಾಯಗಳು ಇಂದು ಭೂಕಂಪ ತರುತ್ತಿವೆ ಎಂದು ಇದರಿಂದ ಹೇಳಲಾಗದು. ಆದರೆ ಹೊಸ ಒತ್ತಡ ಬಿದ್ದಾಗ ನೆಲ ಮುರಿಯಲು ಹುಡುಕುವುದು ಹಳೆಯ ದುರ್ಬಲ ತಳವನ್ನೇ. ಹಾಗಾಗಿ ಭೂಕಂಪ ಅಧ್ಯಯನದವರ ಮೇಜಿನ ಮೇಲೆ ಮೊದಲು ಹರಡಿಕೊಳ್ಳುವುದು ಹಳೆಯ ಭೂವೈಜ್ಞಾನಿಕ ನಕ್ಷೆ. ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ ನಮ್ಮ ಜಿಲ್ಲೆಗಳ ನಕ್ಷೆಗಳು ಯಾರಿಗೂ ಸಿಗುತ್ತವೆ. ನಿಮ್ಮ ತಾಲೂಕಿನದನ್ನು ಇಂದೇ ಇಳಿಸಿಟ್ಟುಕೊಳ್ಳಿ.

ಎರಡನೆಯದು: ಅಲೆಗಳು ಹೇಳುವುದನ್ನು ಮೊದಲು ಕೇಳಿ

ಭೂಕಂಪವಾದ ಮೇಲೆ ಹೊಲಕ್ಕೆ ಓಡುವ ಮುನ್ನ ಒಂದು ಗಂಟೆ ಕೂತು ನೋಡಬೇಕಾದದ್ದಿದೆ. ರಾಷ್ಟ್ರೀಯ ಭೂಕಂಪ ಕೇಂದ್ರ ದೇಶದ ಭೂಕಂಪಗಳ ಸ್ಥಳ, ಆಳ, ತೀವ್ರತೆಯನ್ನು ಪ್ರಕಟಿಸುತ್ತದೆ, ಅದರದೇ ಮೊಬೈಲ್ ಆ್ಯಪ್ ಕೂಡ ಇದೆ. ರಾಜ್ಯದಲ್ಲಿ ವಿಪತ್ತು ಉಸ್ತುವಾರಿ ಕೇಂದ್ರದ ಕಂಪನಮಾಪಕಗಳಿವೆ. ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನಮಾಪಕ ಜಾಲ 1960ರ ದಶಕದಿಂದ ಕೆಲಸ ಮಾಡುತ್ತಿದೆ.

ಲೆಕ್ಕದ ಬುನಾದಿ ಸುಲಭ. ಭೂಕಂಪದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ನಮ್ಮ ಗ್ರಾನೈಟಿನಂಥ ಶಿಲೆಯಲ್ಲಿ ಮೊದಲನೆಯದು ಸೆಕೆಂಡಿಗೆ 6 ಕಿ.ಮೀ. ಆಸುಪಾಸು ಓಡುತ್ತದೆ, ಎರಡನೆಯದು ಮೂರೂವರೆ ಕಿ.ಮೀ. ಆಸುಪಾಸು. ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಕೇಂದ್ರದ ದೂರ ಸ್ಥೂಲವಾಗಿ ಕಿಲೋಮೀಟರಿನಲ್ಲಿ ಸಿಗುತ್ತದೆ. ಹತ್ತು ಸೆಕೆಂಡ್ ಅಂತರವೆಂದರೆ 80 ಕಿ.ಮೀ. ಇಂಥ ಮೂರು ಕಡೆಯ ದೂರಗಳಿಂದ ನಕ್ಷೆಯಲ್ಲಿ ಮೂರು ವೃತ್ತ ಎಳೆದರೆ ಅವು ಕೂಡುವ ಜಾಗವೇ ಅಧಿಕೇಂದ್ರ, ಎಂದರೆ ಭೂಕಂಪ ಹುಟ್ಟಿದ ಕಡೆಯ ನೇರ ಮೇಲಿನ ನೆಲ.

ಸೀಳಿನ ಬಗ್ಗೆ ಹೇಳುವುದು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗುರುತು: ಪ್ರತಿ ಕೇಂದ್ರದಲ್ಲೂ ಮೊದಲ ಅಲೆ ನೆಲವನ್ನು ಮೇಲಕ್ಕೆ ತಳ್ಳಿತೇ, ಕೆಳಕ್ಕೆ ಎಳೆಯಿತೇ ಎಂಬುದು. ಸ್ತರಭಂಗ ಜಾರಿದಾಗ ಸುತ್ತಲಿನ ನೆಲ ನಾಲ್ಕು ಪಾಲಾಗುತ್ತದೆ. ಎರಡು ಪಾಲಿನಲ್ಲಿ ತಳ್ಳು, ಎರಡು ಪಾಲಿನಲ್ಲಿ ಸೆಳೆತ. ಕಪ್ಪು ಬಿಳುಪು ಚೆಂಡಿನಂತೆ ವರದಿಗಳಲ್ಲಿ ಬರುವ ಚಿತ್ರ ಇದನ್ನೇ ತೋರಿಸುತ್ತದೆ. ಅದರಿಂದ ಜಾರಿಕೆಯ ಬಗೆ ತಿಳಿಯುತ್ತದೆ, ಜಾರಿದ್ದಿರಬಹುದಾದ ಎರಡು ತಳಗಳೂ ಸಿಗುತ್ತವೆ. ಆ ಎರಡರಲ್ಲಿ ನಿಜವಾಗಿ ಜಾರಿದ್ದು ಯಾವುದು ಎಂಬುದನ್ನು ಅಲೆಗಳಷ್ಟೇ ಹೇಳಲಾರವು. ಹೊಲಕ್ಕೆ ಹೋಗುವವರ ಕೈಯಲ್ಲಿರಬೇಕಾದ ಪ್ರಶ್ನೆ ಇದೇ.

ಸಂಡೂರಿನ ಗಣಿ, ಊರೂರಿನ ಕ್ರಷರ್‌ಗಳ ಸೀಮೆ ನಮ್ಮದು. ಸ್ಫೋಟಕ್ಕೂ ಭೂಕಂಪಕ್ಕೂ ವ್ಯತ್ಯಾಸ ಗೊತ್ತಾಗುವುದೂ ಇಲ್ಲಿಯೇ. ಸ್ಫೋಟ ಎಲ್ಲ ದಿಕ್ಕಿಗೂ ತಳ್ಳುತ್ತದೆ, ಎರಡನೇ ಅಲೆ ಅದರಲ್ಲಿ ಕ್ಷೀಣ, ಆಳ ಸೊನ್ನೆಯ ಹತ್ತಿರ.

ನಂತರದ ದಿನಗಳ ಸಣ್ಣ ಕಂಪನಗಳನ್ನು ಕಡೆಗಣಿಸಬೇಡಿ. ತಾತ್ಕಾಲಿಕ ಕಂಪನಮಾಪಕಗಳನ್ನು ಸುತ್ತ ನೆಟ್ಟು ಅವುಗಳ ಸ್ಥಾನ ಗುರುತಿಸಿದರೆ, ಚುಕ್ಕಿಗಳು ನೆಲದಡಿ ಒಂದು ವಾಲಿದ ಹಲಗೆಯ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಜಾರಿದ ತಳ ಅದೇ. ಮಾಪಕವನ್ನು ಎರೆಮಣ್ಣಿನ ಮೇಲಲ್ಲ, ಬಂಡೆಯ ಮೇಲೆ ಕೂರಿಸಬೇಕು. ಪಂಪ್‌ಸೆಟ್, ಹಿಟ್ಟಿನ ಗಿರಣಿ, ರೈಲು ದಾರಿಯಿಂದ ದೂರವಿರಬೇಕು. ಕೊಪ್ಪಳದಲ್ಲಂತೂ ಬಂಡೆಗೆ ಬರವಿಲ್ಲ.

ಉಪಗ್ರಹದ ಚಿತ್ರ

ರೇಡಾರ್ ಉಪಗ್ರಹ ಭೂಕಂಪದ ಮೊದಲೊಮ್ಮೆ, ನಂತರವೊಮ್ಮೆ ಒಂದೇ ಜಾಗವನ್ನು ನೋಡಿದ್ದರೆ, ಎರಡನ್ನೂ ಹೋಲಿಸಿ ನೆಲ ಎಷ್ಟು ಸೆಂಟಿಮೀಟರ್ ಸರಿಯಿತು ಎಂಬ ನಕ್ಷೆ ತೆಗೆಯಬಹುದು. 1992ರ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದಿಂದ ಈ ವಿಧಾನ ಬಳಕೆಗೆ ಬಂತು. ಬಣ್ಣದ ಬಳೆಗಳಂಥ ಪಟ್ಟಿಗಳು ಕಾಣುತ್ತವೆ. ಯುರೋಪಿನ ಸೆಂಟಿನೆಲ್-1 ಚಿತ್ರದಲ್ಲಿ ಒಂದು ಪಟ್ಟಿಯೆಂದರೆ ಉಪಗ್ರಹದ ಕಡೆಗೆ ಇಲ್ಲವೇ ಅದರಿಂದಾಚೆ 2.8 ಸೆಂ.ಮೀ. ಸರಿತ. ಹತ್ತು ಪಟ್ಟಿ ಎಣಿಸಿದರೆ 28 ಸೆಂ.ಮೀ. ಪಟ್ಟಿಗಳು ಥಟ್ಟನೆ ಕತ್ತರಿಸಿಹೋದ ಗೆರೆಯೇ ಸೀಳು ಮೇಲೆ ಬಂದ ಜಾಗ. ಪಟ್ಟಿಗಳು ಎಲ್ಲೂ ಕತ್ತರಿಸದೆ ಸುತ್ತಿಕೊಂಡಿದ್ದರೆ ಸೀಳು ಒಳಗೇ ಉಳಿದಿದೆ. 2001ರ ಭುಜ್ ಭೂಕಂಪ ಅಷ್ಟು ದೊಡ್ಡದಾಗಿದ್ದರೂ ಅದರ ಮುಖ್ಯ ಸೀಳು ಮೇಲಕ್ಕೆ ಬಂದಿರಲಿಲ್ಲ.

ನಮ್ಮಲ್ಲಿ ಒಂದು ತೊಡಕಿದೆ. ಗಂಗಾವತಿ, ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳಲ್ಲಿ ನೀರು ನಿಂತು, ಪೈರು ಬೆಳೆದು ಎರಡು ಚಿತ್ರಗಳು ತಾಳೆಯಾಗುವುದಿಲ್ಲ. ಉದ್ದ ಅಲೆಯ ರೇಡಾರ್ ಪೈರಿನೊಳಗೆ ಹೆಚ್ಚು ತೂರಬಲ್ಲದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ ಮತ್ತು ನಾಸಾದ ನಿಸಾರ್ ಉಪಗ್ರಹದಲ್ಲಿ ಅಂಥ ರೇಡಾರ್ ಇದೆ. ಅದು 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ನೀರಾವರಿ ಸೀಮೆಗೆ ಇದರಷ್ಟು ಉಪಕಾರಿ ಬೇರೆ ಇಲ್ಲ ಎಂಬುದು ನನ್ನ ಎಣಿಕೆ.

ಹೊಲಕ್ಕೆ ಇಳಿದಾಗ: ಮೊದಲು ಸೀಳಲ್ಲದ್ದನ್ನು ಬಿಡಿ

ಎರೆ ಹೊಲ ಬೇಸಿಗೆಯಲ್ಲಿ ಬಾಯಿಬಿಡುವುದು ನಮ್ಮವರಿಗೆ ಗೊತ್ತಿದ್ದದ್ದೇ. ಆದರೆ ನೆಲ ನಡುಗಿದ ಮರುದಿನ ಅದೇ ಬಿರುಕು ಬೇರೆಯಾಗಿ ಕಾಣತೊಡಗುತ್ತದೆ, ಫೋಟೊ ಹಂಚಿಕೆಯಾಗುತ್ತದೆ. ಬಿರುಕಿನ ಬಳಿ ಮಂಡಿಯೂರಿ ಕೂತು ನೋಡಿ. ಎರೆಯ ಬಿರುಕುಗಳು ಹೆಣೆದ ಬಲೆಯಂತೆ ಎಲ್ಲ ದಿಕ್ಕಿಗೂ ಕವಲೊಡೆದಿರುತ್ತವೆ, ಕೆಳಗೆ ಹೋದಂತೆ ಕಿರಿದಾಗುತ್ತವೆ, ಎರಡೂ ಅಂಚು ಸಮಮಟ್ಟದಲ್ಲಿರುತ್ತವೆ. ಗರಸು ನೆಲ ಇಲ್ಲವೇ ಬಂಡೆ ಬಂದ ಕಡೆ ನಿಂತೇಹೋಗುತ್ತವೆ. ಬೆರಳಿಟ್ಟು ಎರಡು ಅಂಚು ಕೂಡಿಸಿದಂತೆ ಊಹಿಸಿಕೊಂಡರೆ ಎದುರುಬದುರು ಸರಿಯಾಗಿ ಕೂತುಕೊಳ್ಳುತ್ತವೆ. ನೆಲ ಬರೀ ಕುಗ್ಗಿ ಬಿಚ್ಚಿಕೊಂಡಿದೆ, ಸರಿದಿಲ್ಲ.

ಸ್ತರಭಂಗದ ಸೀಳು ಹಾಗಲ್ಲ. ಎರೆ, ಗರಸು, ಡಾಂಬರು ರಸ್ತೆ, ಬದು, ಬಂಡೆ ಯಾವುದನ್ನೂ ಲೆಕ್ಕಿಸದೆ ಒಂದೇ ನೇರದಲ್ಲಿ ದಾಟಿಕೊಂಡು ಹೋಗುತ್ತದೆ. ಪಕ್ಕಕ್ಕೆ ಜಾರಿದ ಕಡೆ ಓರೆ ಓರೆ ಬಿರುಕುಗಳು ಮೆಟ್ಟಿಲಿನಂತೆ ಒಂದರ ಮುಂದೊಂದು ಸಾಲಾಗಿರುತ್ತವೆ. ಬಲಜಾರಿಕೆಯಿದ್ದರೆ ಸಾಲಿನುದ್ದಕ್ಕೂ ನಡೆಯುವಾಗ ಮುಂದಿನ ಬಿರುಕು ಎಡಕ್ಕೆ ಸಿಗುತ್ತದೆ, ಎಡಜಾರಿಕೆಯಿದ್ದರೆ ಬಲಕ್ಕೆ. ಬಿರುಕುಗಳ ನಡುವೆ ಮಣ್ಣು ಗುಪ್ಪೆಯಾಗಿ ಉಬ್ಬಿರುತ್ತದೆ. ಒಂದು ಬದಿ ಇನ್ನೊಂದರ ಮೇಲೇರಿದ ಕಡೆ ನೆಲ ದಿಣ್ಣೆಯಂತೆ ಎದ್ದು, ಅಂಚಿನ ಹೆಂಟೆಗಳು ಮುಂದಕ್ಕೆ ಉರುಳಿರುತ್ತವೆ.

ಕಾಲುವೆ ಏರಿ, ಕೆರೆ ಏರಿ, ಹಳ್ಳದ ದಂಡೆಯ ಬಿರುಕುಗಳು ಬಹುಪಾಲು ಮಣ್ಣು ಕುಸಿದದ್ದು. ಅವು ದಂಡೆಗೆ ಸಮಾನಾಂತರವಾಗಿ ಬಾಗುತ್ತವೆ, ಇಳಿಜಾರಿನ ಕಡೆಗೇ ಜಗ್ಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯಲ್ಲಿ ಬಿರುಕು ಕಂಡರೆ ಅದು ನೀರಾವರಿ ಇಲಾಖೆಗೆ ತಕ್ಷಣ ತಿಳಿಸಬೇಕಾದ ವಿಷಯ. ಸೀಳು ಹುಡುಕುವವರು ಅದನ್ನು ಬೇರೆ ಪುಟದಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗಬೇಕು.

ತೀವ್ರತೆ 5ಕ್ಕಿಂತ ಕಡಿಮೆಯಿದ್ದರೆ ಸೀಳು ಸಾಮಾನ್ಯವಾಗಿ ಮೇಲೆ ಬರುವುದಿಲ್ಲ. ಹಾಗೆಂದು ಹುಡುಕದೆ ಬಿಡಬಾರದು. 2019ರ ನವೆಂಬರಿನಲ್ಲಿ ಫ್ರಾನ್ಸಿನ ಲ ಟೇಯ್ ಬಳಿ 4.9ರ ಭೂಕಂಪ ತೀರಾ ಮೇಲ್ಮಟ್ಟದಲ್ಲಿ ಆದ್ದರಿಂದ ನೆಲ ಒಡೆದು ಕಾಣಿಸಿಕೊಂಡಿತು.

ಬದುವನ್ನು ಅಳೆಯುವುದು

ಇಡೀ ಕೆಲಸದಲ್ಲಿ ನಿಧಾನ ಬೇಡುವ ಹಂತ ಇದು. ಬೇಕಾದದ್ದು ಟೇಪು, ದಿಕ್ಸೂಚಿ, ನಾಲ್ಕು ಕಬ್ಬಿಣದ ಗೂಟ, ದಾರ, ನೋಟ್‌ಬುಕ್ಕು, ಜಿಪಿಎಸ್ ಇರುವ ಫೋನು.

1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪದಲ್ಲಿ ತುಂಡಾದ ಬೇಲಿಗಳು, ಪಕ್ಕಕ್ಕೆ ಸರಿದ ರಸ್ತೆಗಳು, ಹಿಂದಿನ ಭೂಮಾಪನದ ಅಳತೆಗಳನ್ನು ಕೂಡಿಸಿ ನೋಡಿಯೇ ಅಮೆರಿಕದ ಭೂಭೌತ ವಿಜ್ಞಾನಿ ಹ್ಯಾರಿ ರೀಡ್ ತಮ್ಮ ಸಿದ್ಧಾಂತ ಕಟ್ಟಿದರು. ನೆಲ ವರ್ಷಗಟ್ಟಲೆ ಬಾಗುತ್ತಾ ಬರುತ್ತದೆ, ತಾಳಲಾರದಾದಾಗ ಮುರಿದು ನೆಟ್ಟಗಾಗುತ್ತದೆ ಎಂಬುದು ಅವರ ಮಾತು. ನಮ್ಮಲ್ಲಿ ಆ ಬೇಲಿಯ ಜಾಗದಲ್ಲಿ ಬದು ಇದೆ, ಬಾಂದುಕಲ್ಲು ಇದೆ, ಹತ್ತಿಯ ಸಾಲು ಇದೆ, ತೊಗರಿಯ ಸಾಲು ಇದೆ. ಸೀಳಿಗೆ ಅಡ್ಡಲಾಗಿ ಹೋಗುವ ನೇರ ಬದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಬದು ತುಂಡಾದ ಜಾಗದಲ್ಲೇ ಟೇಪು ಹಿಡಿಯುವುದು ಹೊಸಬರ ಅಭ್ಯಾಸ. ಅಲ್ಲಿ ಸಿಗುವುದು ಪೂರ್ತಿ ಅಳತೆಯಲ್ಲ. ಮೆತ್ತನೆಯ ಮಣ್ಣಿನಲ್ಲಿ ಜಾರಿಕೆಯ ಒಂದು ಪಾಲು ಬಿರುಕಿನಲ್ಲಿ ಕಾಣುತ್ತದೆ, ಉಳಿದದ್ದು ಬಿರುಕಿನ ಎರಡೂ ಬದಿ ಹಲವು ಮೀಟರ್ ದೂರದವರೆಗೆ ಬದು ಮೆಲ್ಲನೆ ಬಾಗುವುದರಲ್ಲಿ ಹಂಚಿಹೋಗಿರುತ್ತದೆ. ಆದ್ದರಿಂದ ಬಿರುಕಿನಿಂದ ಎರಡೂ ಕಡೆ ಹತ್ತಿಪ್ಪತ್ತು ಮೀಟರ್ ಹಿಂದೆ ಸರಿಯಿರಿ. ಬದು ನೆಟ್ಟಗಿರುವ ಭಾಗದಲ್ಲಿ ಎರಡೆರಡು ಗೂಟ ನೆಟ್ಟು, ದಾರವನ್ನು ಆ ನೇರದಲ್ಲೇ ಬಿರುಕಿನ ಮೇಲಿನವರೆಗೆ ಎಳೆಯಿರಿ. ಈಚೆಯ ದಾರ ಒಂದು ಕಡೆ ಬಂದು ಮುಟ್ಟುತ್ತದೆ, ಆಚೆಯದು ಇನ್ನೊಂದು ಕಡೆ. ಅವೆರಡರ ನಡುವಿನ ಅಂತರವನ್ನು ಬಿರುಕಿನ ಉದ್ದದ ದಿಕ್ಕಿನಲ್ಲಿ ಅಳೆಯಿರಿ, ಬದುವಿಗೆ ಲಂಬವಾಗಿ ಅಲ್ಲ. ಬಿರುಕಿನಲ್ಲೇ ಅಳೆದಾಗ 22 ಸೆಂ.ಮೀ. ಬಂದದ್ದು ದಾರ ಹಿಡಿದಾಗ 31 ಬರಬಹುದು. ಎರಡನ್ನೂ ಬರೆದಿಡಿ, ಯಾವುದು ಯಾವುದೆಂದು ಸ್ಪಷ್ಟವಾಗಿ ಬರೆಯಿರಿ.

ಮೇಲೆ ಕೆಳಗಿನ ಸರಿತಕ್ಕೂ ಇದೇ ನಿಯಮ. ಸೀಳಿನಲ್ಲಿ ಎದ್ದು ನಿಂತ ಮಣ್ಣಿನ ಗೋಡೆಯ ಎತ್ತರ ಅಳೆಯಬೇಡಿ, ಮಣ್ಣು ಕುಸಿದು ಅದು ಸುಳ್ಳು ಹೇಳುತ್ತದೆ. ಎರಡೂ ಬದಿಯ ಸಮತಟ್ಟು ಹೊಲದ ಮಟ್ಟವನ್ನು ದಾರದಿಂದ ಮುಂದುವರಿಸಿ ನಡುವಿನ ವ್ಯತ್ಯಾಸ ತೆಗೆದುಕೊಳ್ಳಿ. ಕಾಲುವೆ ನೀರಿಗಾಗಿ ಮಟ್ಟ ಮಾಡಿದ ಗದ್ದೆ ಇದಕ್ಕೆ ಹೇಳಿ ಮಾಡಿಸಿದ್ದು. ಪಕ್ಕಕ್ಕೆ 30 ಸೆಂ.ಮೀ., ಮೇಲಕ್ಕೆ 40 ಸೆಂ.ಮೀ. ಸರಿದಿದ್ದು, ಜಾರಿದ ತಳ ವಾಲದೆ ನೆಟ್ಟಗಿದ್ದು, ಬಿರುಕು ಬಾಯಿ ತೆರೆದಿರದಿದ್ದರೆ ಒಟ್ಟು ಜಾರಿಕೆ 50 ಸೆಂ.ಮೀ. ಶಾಲೆಯ ಪೈಥಾಗರಸ್ ಪ್ರಮೇಯವೇ ಸಾಕು.

ಪ್ರತಿ ಜಾಗಕ್ಕೂ ಮೂರು ಅಂಕಿ ಕೊಡಿ: ಅತಿ ಕಡಿಮೆ, ನಿಮಗೆ ಸರಿ ಎನಿಸಿದ್ದು, ಅತಿ ಹೆಚ್ಚು. ಜಿಪಿಎಸ್ ಸ್ಥಾನ, ಬಿರುಕಿನ ದಿಕ್ಕು, ದಿನಾಂಕ, ಗಂಟೆ ಬರೆಯಿರಿ. ಫೋಟೊದಲ್ಲಿ ಸ್ಕೇಲು ಇರಲಿ, ಹತ್ತಿರದ್ದೊಂದು, ದೂರದ್ದೊಂದು, ಎರಡೂ ಬದಿಯಿಂದ. ಗೂಟಗಳನ್ನು ಕಿತ್ತು ತರಬೇಡಿ. ಭೂಕಂಪ ನಿಂತ ಮೇಲೂ ಸ್ತರಭಂಗ ದಿನಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಜಾರುತ್ತಿರಬಹುದು. ಅದೇ ಗೂಟಗಳ ನಡುವೆ ವಾರಕ್ಕೊಮ್ಮೆ ಅಳೆದರೆ ಅದು ಗೊತ್ತಾಗುತ್ತದೆ. ಡ್ರೋನ್ ಇದ್ದರೆ, ಹಾರಿಸಲು ಅನುಮತಿಯಿರುವ ಜಾಗವಾದರೆ, ಒಂದರ ಮೇಲೊಂದು ಬಹುಪಾಲು ಹೊಂದುವಂತೆ ಚಿತ್ರ ತೆಗೆಯಿರಿ. ಆಮೇಲೆ ಅವುಗಳಿಂದ ನೆಲದ ಮೂರು ಆಯಾಮದ ಮಾದರಿ ಕಟ್ಟಬಹುದು.

ಹೊಲದವರನ್ನು ಕೇಳದೆ ಯಾವ ಅಳತೆಯೂ ಪೂರ್ಣವಲ್ಲ

ಬದು ಮೊದಲೇ ಸೊಟ್ಟಗಿತ್ತೇ ಎಂಬುದು ಗೊತ್ತಿರುವುದು ಒಬ್ಬರಿಗೇ. “ಅಣ್ಣಾರ, ಈ ಬದು ಮೊದಲ ಸೀದಾ ಇತ್ತೇನ್ರಿ?” ಎಂದು ಕೇಳಿದರೆ, “ಇಲ್ರೀ ಸರ, ಇಲ್ಲೊಂದು ಬನ್ನಿ ಗಿಡ ಇತ್ತು, ನಮ್ಮಪ್ಪ ಅದನ್ನ ಬಿಟ್ಟು ಬದು ಹಾಕಿದ್ದ, ಅದಕ್ಕ ಒಂದೀಟು ಬಾಗೇತಿ” ಎಂಬಂಥ ಉತ್ತರ ಬಂದೀತು. ಆ ಒಂದು ಮಾತು ಇಡೀ ಅಳತೆಯನ್ನು ಬದಲಿಸುತ್ತದೆ. ಮಾತಿಗೆ ತಾಳೆ ನೋಡಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇದೆ, ಹದ್ದುಬಸ್ತು ದಾಖಲೆ ಇದೆ, ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರಿನ ಗಡಿ ಕಾಣುತ್ತದೆ. ಭೂಕಂಪಕ್ಕೆ ಮೊದಲಿನ ಉಪಗ್ರಹ ಚಿತ್ರದಲ್ಲಿ ಬದು ಹೇಗಿತ್ತು ಎಂಬುದನ್ನೂ ನೋಡಿ.

ಹಾಗೆಯೇ ಕೇಳಿ: ಸದ್ದು ಮೊದಲು ಬಂತೇ, ನಡುಕ ಮೊದಲೇ? ಯಾವ ದಿಕ್ಕಿನಿಂದ? ಬಾವಿಯ ನೀರು ಏರಿತೇ, ಇಳಿಯಿತೇ, ಕದಡಿತೇ? ಬೋರ್‌ವೆಲ್ಲಿನ ಪೈಪು ಬಾಗಿತೇ? ಗೋಡೆ ಯಾವ ಕಡೆಗೆ ಬಿತ್ತು? ಊರಿನಿಂದ ಊರಿಗೆ ಈ ಉತ್ತರಗಳನ್ನು ನಕ್ಷೆಯಲ್ಲಿ ಹಾಕಿದರೆ ಅಲುಗಾಟ ಎಲ್ಲಿ ಜೋರಾಗಿತ್ತು ಎಂಬುದು ಮೂಡುತ್ತದೆ. ಮನೆ ಬಿದ್ದವರ ಮುಂದೆ ಟೇಪು ಹಿಡಿದು ನಿಲ್ಲುವ ಮೊದಲು ಅವರ ಕಷ್ಟ ಕೇಳಿ. ಬಿರುಕು ಬಿಟ್ಟ ಮನೆಯೊಳಗೆ ಹೋಗಬೇಡಿ, ಮರುಕಂಪನಕ್ಕೆ ಅದು ಕುಸಿಯಬಹುದು.

ತುಂಗಭದ್ರಾ ಜಲಾಶಯದ ಬಗ್ಗೆ ಜನ ಕೇಳಿಯೇ ಕೇಳುತ್ತಾರೆ, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಹೆಸರು ಎಲ್ಲರಿಗೂ ಗೊತ್ತು. 1967ರ ಡಿಸೆಂಬರ್ 11ರಂದು ಕೊಯ್ನಾ ಬಳಿ 6.3ರ ಭೂಕಂಪವಾಯಿತು, ಜಲಾಶಯದ ನೀರು ಅದಕ್ಕೆ ಪ್ರಚೋದನೆ ಎಂಬುದನ್ನು ವಿಜ್ಞಾನಿಗಳು ಒಪ್ಪಿದ್ದಾರೆ. ನೀರಿನ ಭಾರ ಮತ್ತು ಬಿರುಕಿಗಿಳಿದ ನೀರಿನ ಒತ್ತಡ ಸ್ತರಭಂಗವನ್ನು ಸಡಿಲಿಸಬಲ್ಲವು, ಆದರೆ ಅದು ಆಗಲೇ ಮುರಿಯುವ ಹಂತದಲ್ಲಿ ಇದ್ದಿರಬೇಕು. ಕೊಯ್ನಾ ಅಣೆಕಟ್ಟು 103 ಮೀಟರ್ ಎತ್ತರ, ನಮ್ಮದು ಸುಮಾರು 50 ಮೀಟರ್. ಜನರಿಗೆ ಇಷ್ಟನ್ನು ಸಮಾಧಾನವಾಗಿ ಹೇಳಿ, ಊಹಾಪೋಹ ಬೇಡ.

ಲೆಕ್ಕ ತಾಳೆ ಹಾಕುವುದು

ಸೀಳಿನ ಉದ್ದ, ಆಳದ ಕಡೆಗಿನ ಅಗಲ, ಸರಾಸರಿ ಜಾರಿಕೆ, ಬಂಡೆಯ ಬಿಗಿ ಇವನ್ನು ಗುಣಿಸಿದರೆ ಭೂಕಂಪದ ಗಾತ್ರ ಸಿಗುತ್ತದೆ. 10 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ತಳ ಸರಾಸರಿ 40 ಸೆಂ.ಮೀ. ಜಾರಿದರೆ ತೀವ್ರತೆ 6ರ ಹತ್ತಿರ ಬರುತ್ತದೆ. ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. ಹೊಲದಲ್ಲಿ ಅಳೆದದ್ದು ಕಂಪನಮಾಪಕ ಹೇಳಿದ್ದಕ್ಕೆ ತಾಳೆಯಾಗದಿದ್ದರೆ ಜಾರಿಕೆಯ ದೊಡ್ಡ ಪಾಲು ಒಳಗೇ ಉಳಿದಿದೆ ಎಂದರ್ಥ, ಇಲ್ಲವೇ ಸೀಳಿನ ಒಂದು ತುಂಡು ನಿಮಗೆ ಸಿಕ್ಕಿಲ್ಲ. ಅಲೆ, ಉಪಗ್ರಹ, ಬದು ಮೂರನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ ತಳದ ಯಾವ ಭಾಗ ಎಷ್ಟು ಜಾರಿತು ಎಂಬ ಚಿತ್ರ ತೆಗೆಯುವುದು ಸಂಶೋಧನಾ ಸಂಸ್ಥೆಗಳ ಕೆಲಸ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ನಮಗೆ ಹತ್ತಿರದ್ದು.

ಸೀಳು ಓಡುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಮೂರು ಕಿಲೋಮೀಟರ್. ನೆಲ ಜಾರುವ ಕ್ಷಣವೇ ಕ್ಯಾಮೆರಾಕ್ಕೆ ಸಿಗುವುದು ತೀರಾ ಅಪರೂಪ. 2025ರ ಮಾರ್ಚ್ 28ರಂದು ಮ್ಯಾನ್ಮಾರಿನ ಸಗೈಂಗ್ ಸ್ತರಭಂಗ 7.7ರ ಭೂಕಂಪದಲ್ಲಿ ಜಾರಿದಾಗ ಒಂದು ಸಿಸಿಟಿವಿ ಕ್ಯಾಮೆರಾ ಗೇಟಿನ ಮುಂದಿನ ನೆಲ ಪಕ್ಕಕ್ಕೆ ಸರಿಯುವುದನ್ನೇ ಹಿಡಿಯಿತು. ಜಪಾನಿನ ವಿಜ್ಞಾನಿಗಳು ಚಿತ್ರದ ಚೌಕಟ್ಟು ಚೌಕಟ್ಟನ್ನೂ ಹೋಲಿಸಿ, ಸುಮಾರು ಎರಡೂವರೆ ಮೀಟರ್ ಜಾರಿಕೆ 1.3 ಸೆಕೆಂಡಿನಲ್ಲಿ ಮುಗಿಯಿತೆಂದು ತೋರಿಸಿದರು. ನಿಮ್ಮೂರಿನ ಬ್ಯಾಂಕು, ಪೆಟ್ರೋಲ್ ಬಂಕಿನ ಕ್ಯಾಮೆರಾಗಳ ದೃಶ್ಯ ಅಳಿಸಿಹೋಗುವ ಮೊದಲು ಉಳಿಸಿಕೊಳ್ಳಲು ಹೇಳಬೇಕಾದದ್ದು ಇದಕ್ಕೇ.

ಕೊನೆಯದು: ಅಡ್ಡ ಅಗೆತ

ಹಿಂದೆಯೂ ಇಲ್ಲಿ ಭೂಕಂಪವಾಗಿತ್ತೇ ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ. ಸೀಳಿಗೆ ಅಡ್ಡಲಾಗಿ ಎರಡು ಮೂರು ಮೀಟರ್ ಆಳದ ಕಂದಕ ತೋಡಿ, ಗೋಡೆಯನ್ನು ಕರಣೆಯಿಂದ ನುಣ್ಣಗೆ ಕೆರೆದು, ಮೀಟರಿಗೊಂದು ದಾರದ ಚೌಕ ಹಾಕಿ ಪದರಗಳನ್ನು ಚಿತ್ರಿಸುತ್ತಾರೆ. ಕೆಳಗಿನ ಪದರ ಮುರಿದು ಸರಿದಿದ್ದು, ಮೇಲಿನ ಪದರ ಮುರಿಯದೆ ಅದನ್ನು ಮುಚ್ಚಿಕೊಂಡಿದ್ದರೆ, ಆ ಭೂಕಂಪ ಎರಡು ಪದರಗಳ ನಡುವಿನ ಕಾಲದಲ್ಲಿ ಆದದ್ದು. ಕೆಳಗಿನ ಪದರ ಮೇಲಿನದಕ್ಕಿಂತ ಹೆಚ್ಚು ಸರಿದಿದ್ದರೆ ಒಂದಕ್ಕಿಂತ ಹೆಚ್ಚು ಭೂಕಂಪಗಳ ಸೂಚನೆ. ಪದರದಲ್ಲಿ ಸಿಕ್ಕ ಇದ್ದಿಲ ಚೂರಿನಿಂದ ಇಂಗಾಲ ವಿಧಾನದಲ್ಲಿ ಸುಮಾರು 50,000 ವರ್ಷದವರೆಗೆ ಕಾಲ ಹೇಳಬಹುದು. ಇದ್ದಿಲು ಇಲ್ಲದಿದ್ದರೆ ಬೆಣಚಿನ ಮರಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಲೆಕ್ಕ ಹಾಕುವ ವಿಧಾನವಿದೆ. ಅದಕ್ಕೆ ಮಾದರಿಯನ್ನು ಬೆಳಕು ತಾಗದಂತೆ ಕಬ್ಬಿಣದ ಕೊಳವೆಯಲ್ಲಿ ತೆಗೆಯಬೇಕು.

ಎರೆಮಣ್ಣಿನಲ್ಲಿ ಈ ಕೆಲಸ ಕಷ್ಟ. ವರ್ಷ ವರ್ಷವೂ ಬಿರಿದು, ಮೇಲಿನ ಮಣ್ಣು ಬಿರುಕಿಗಿಳಿದು, ಮಳೆಗೆ ಉಬ್ಬಿ ಪದರಗಳು ಕಲಸಿಹೋಗುತ್ತವೆ. ಇಳಿದುಬಂದ ಇದ್ದಿಲು ಸುಳ್ಳು ಕಾಲ ಹೇಳಬಹುದು. ಹಳ್ಳದ ಮರಳು, ಗರಸಿನ ಪದರಗಳಿರುವ ಕಡೆ ಆರಿಸಿಕೊಂಡರೆ ಲೇಸು.

ಈ ಅಗೆತ ಅನುಭವಿಗಳ ಜತೆ ಮಾತ್ರ ಮಾಡಬೇಕು. ಎರೆಮಣ್ಣಿನ ಕಂದಕದ ಗೋಡೆ ಯಾವ ಮುನ್ಸೂಚನೆಯನ್ನೂ ಕೊಡದೆ ಮಗುಚಿಬೀಳುತ್ತದೆ. ಎದೆಮಟ್ಟಕ್ಕಿಂತ ಆಳವಿದ್ದರೆ ಎರಡೂ ಕಡೆ ಹಲಗೆಯ ಆಸರೆ ಕೊಡಬೇಕು ಇಲ್ಲವೇ ಗೋಡೆಗಳನ್ನು ಮೆಟ್ಟಿಲಾಗಿ ತೋಡಬೇಕು, ಒಬ್ಬರೇ ಇಳಿಯಬಾರದು, ತೋಡಿದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬಾರದು. ಹೊಲದವರೊಂದಿಗೆ ಬರವಣಿಗೆಯಲ್ಲಿ ಒಪ್ಪಂದವಿರಲಿ, ಬೆಳೆಗೆ ಪರಿಹಾರ ಮೊದಲೇ ಕೊಡಿ. ತೋಡುವಾಗ ಮೇಲಿನ ಒಂದಡಿ ಮಣ್ಣನ್ನು ಒಂದು ಕಡೆ, ಅಡಿಯ ಗರಸನ್ನು ಇನ್ನೊಂದು ಕಡೆ ಹಾಕಿಸಿ. ಮುಚ್ಚುವಾಗ ಗರಸು ಮೊದಲು ಹೋಗಬೇಕು, ಪದರ ಪದರವಾಗಿ ತುಳಿಸಬೇಕು, ಬೆಳೆಯುವ ಮಣ್ಣು ಕೊನೆಗೆ ಮೇಲೆ ಬರಬೇಕು. ಜೆಸಿಬಿ ಚಾಲಕರಿಗೆ ಇದನ್ನು ಕೆಲಸ ಶುರುವಾಗುವ ಮೊದಲೇ ಹೇಳಿಡಿ.